ಬತ್ತೀನಿ ಅಂದವರು ಬರಬೇಕು

ಮಡಕಶಿರಾದ ನಮ್ಮ ಮನೆಯ ಗೇಟಿಗೆ ಒಳಗಡೆಯಿಂದ ಒಂದು ಕೌದಿ ಕಟ್ಟಿದೆ. ಜೀನ್ಸ್ ಬಟ್ಟೆಯ ಚೂರುಗಳನ್ನು ಸೇರಿಸಿ ನಾನೇ ಹೊಲಿದದ್ದು, ಎತ್ತಿದರೆ ಕೈ ನೋಯುವಷ್ಟು ಭಾರ. ಬೀದಿಯಲ್ಲಿ ಹೋಗುವವರು ಒಣಗಲು ಹಾಕಿದ್ದೇನೆ ಅಂದುಕೊಳ್ಳುತ್ತಾರೆ. ಮೋಡ ಕಟ್ಟಿದ ದಿನ ಯಾರಾದರೂ ಕೂಗುತ್ತಾರೆ, "ಅಕ್ಕೋ, ಮಳೆ ಬತ್ತೈತೆ, ಕೌದಿ ಎತ್ಕೊಳ್ಳಿ!" ನಾನು "ಆಯ್ತ್ರಿ" ಅನ್ನುತ್ತೇನೆ, ಎತ್ತುವುದಿಲ್ಲ. ಅದನ್ನು ಕಟ್ಟಿರುವುದು ನನ್ನ ಮಗಳ ಹಣೆ ಒಡೆಯದಿರಲಿ ಅಂತ.

ಮಗಳ ಹೆಸರು ಲಾವಣ್ಯ, ಮನೆಯಲ್ಲಿ ಲಾವು. ಈಗ ಎಂಟು ವರ್ಷ. ಅವಳಿಗೆ ಆಟಿಸಂ ಇದೆ. ಈ ಮಾತನ್ನು ಇಷ್ಟು ಸಲೀಸಾಗಿ ಬರೆಯಲು ನನಗೆ ಬಹಳ ಕಾಲ ಹಿಡಿಯಿತು. ಆಟಿಸಂ ಅಂದರೇನು ಅಂತ ವಿವರಿಸಲು ನಾನು ಹೋಗುವುದಿಲ್ಲ. ಅದನ್ನು ಡಾಕ್ಟರು ಹೇಳುತ್ತಾರೆ, ಮೊಬೈಲು ಹೇಳುತ್ತದೆ, ಕೇಳದಿದ್ದರೂ ಬಸ್ಸಿನಲ್ಲಿ ಪಕ್ಕ ಕೂತವರು ಹೇಳುತ್ತಾರೆ. ನಾನು ಹೇಳುವುದು ಒಂದೇ ಒಂದು ಮಾತಿನ ಕಥೆ. ದಿನಾ ಬೆಳಿಗ್ಗೆ ನೀವೂ ಆಡುವ ಮಾತು.

ನನ್ನ ತವರು ರಾಯದುರ್ಗ. ನಮ್ಮವರದು ಮಡಕಶಿರಾ, ಆದರೆ ಕಂಡಕ್ಟರ್ ಕೆಲಸ ಸಿಕ್ಕಿದ್ದು ರಾಯದುರ್ಗದ ಡಿಪೋದಲ್ಲಿ, ಹಾಗಾಗಿ ಮದುವೆಯಾದ ಮೇಲೂ ನಾನು ತವರೂರಲ್ಲೇ ಉಳಿದೆ. ನಮ್ಮ ಓಣಿಯ ಮುಕ್ಕಾಲು ಮನೆಗಳ ಹಾಗೆ ನಮ್ಮ ಮನೆಯಲ್ಲೂ ಜೀನ್ಸ್ ಹೊಲಿಗೆ. ಲಾವು ಹುಟ್ಟಿದಾಗಿನಿಂದ ಮಷಿನ್ನಿನ ಸದ್ದಿಗೇ ಮಲಗಿದವಳು. ಮಷಿನ್ ನಿಂತರೆ ಎಚ್ಚರವಾಗುತ್ತಿದ್ದಳು.

ಮೂರು ತುಂಬಿದರೂ ಮಾತು ಬರಲಿಲ್ಲ. ನಮ್ಮಮ್ಮ, "ಬರ್ತಾವ ಬಿಡ, ನಿಮ್ಮಣ್ಣನೂ ತಡಾ ಮಾಡೇ ಮಾತಾಡಿದ್ದ" ಅನ್ನುತ್ತಿದ್ದಳು. ನಾನೂ ಅದನ್ನೇ ಹಿಡಿದುಕೊಂಡು ಇನ್ನೊಂದು ವರ್ಷ ತಳ್ಳಿದೆ. ಕೊನೆಗೆ ಬಳ್ಳಾರಿಗೆ ಕರೆದುಕೊಂಡು ಹೋದೆವು. ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕಿತ್ತು. ಕಾಯುತ್ತಾ ಕಾಯುತ್ತಾ ನನಗೆ ಜೊಂಪು ಹತ್ತಿತು. ಕಣ್ಣು ಬಿಟ್ಟು ನೋಡಿದರೆ ಲಾವು ಅಷ್ಟೂ ಜನರ ಚಪ್ಪಲಿಗಳನ್ನು ಗೋಡೆಯುದ್ದಕ್ಕೆ ಸಾಲಾಗಿಟ್ಟಿದ್ದಾಳೆ, ಎಡಗಾಲಿನವು ಒಂದು ಕಡೆ, ಬಲಗಾಲಿನವು ಒಂದು ಕಡೆ. ಒಬ್ಬ ಮುದುಕ ತನ್ನ ಜೋಡು ಹುಡುಕಿ ಹುಡುಕಿ ಸಾಕಾಗಿ, "ಯಾವ ಪುಣ್ಯಾತ್ಮರು ಇದನ್ನ ಮಾಡಿದ್ರಪ್ಪಾ!" ಎಂದು ಕೂಗಿದ. ಇಡೀ ಕೋಣೆ ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಆ ಮುದುಕನೇ ಲಾವು ಪಕ್ಕ ಕುಕ್ಕರುಗಾಲಲ್ಲಿ ಕೂತು, "ಇದರ ಜೋಡಿ ಎಲ್ಲೈತಿ ತೋರಿಸವ್ವ" ಅಂದ. ಅವಳು ತೋರಿಸಲಿಲ್ಲ. ಅವನೂ ಎದ್ದು ಹೋಗಲಿಲ್ಲ, ನಮ್ಮ ಪಾಳಿ ಬರುವ ತನಕ ಅವಳ ಜೊತೆ ಕೂತಿದ್ದ. ಅವನ ಹೆಸರೂ ನನಗೆ ಗೊತ್ತಿಲ್ಲ.

ಒಳಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಬಹಳ ಹೊತ್ತು ಲಾವುವನ್ನು ನೋಡಿ ನನಗೆ ಹೇಳಿದರು, "ಜ್ವರ ಆಗಿದ್ರ ಬಿಟ್ಟು ಹೋಗತಿತ್ತಮ್ಮ. ಇದು ಹಂಗಲ್ಲ, ಈಕಿ ಇರೋದ ಹಿಂಗ. ಒಂದ್ ಮಾತು ನೆನಪಿಡ್ರಿ. ಮುಂದ ಏನಾಗತೈತಿ ಅಂತ ಈಕಿಗೆ ಮೊದಲ ಗೊತ್ತಿರಬೇಕು. ಹೇಳಿದ್ದು ಹೇಳಿದಂಗ ನಡೀಬೇಕು." ಹೊರಗೆ ಬಂದಾಗ ನಮ್ಮವರು ಕೇಳಿದ್ದು ಇಷ್ಟೇ, "ಗುಳಿಗೆ ಬರ್ಕೊಟ್ರಾ?" ಇಲ್ಲ ಅಂದೆ. ಅವರು ಗೋಡೆ ಕಡೆ ತಿರುಗಿ ನಿಂತರು. ಅತ್ತಿಲ್ಲ ಎಂದು ಇವತ್ತಿಗೂ ವಾದಿಸುತ್ತಾರೆ.

ಆಮೇಲಿನ ರಾಯದುರ್ಗದ ದಿನಗಳು ನಿಜಕ್ಕೂ ಚೆನ್ನಾಗಿದ್ದವು. ದಿನಾ ಬೆಳಿಗ್ಗೆ ಲಾವು, ನಾನು, ಅವಳಪ್ಪ ಮೂವರೂ ಬಸ್ ಸ್ಟ್ಯಾಂಡಿಗೆ ಹೋಗುವುದು. ಅವರು ಹಿಂಬಾಗಿಲಲ್ಲಿ ನಿಲ್ಲುವುದು. ಬಸ್ಸಿನ ಪಕ್ಕೆಗೆ ಎರಡು ಸಲ ತಟ್ಟಿ "ರೈಟ್" ಅನ್ನುವುದು. ಬಸ್ಸು ಹೊರಟು ಹುಣಸೆ ಮರದ ಹತ್ತಿರ ತಿರುಗಿ ಮರೆಯಾಗುವುದು. ಲಾವು ಮನೆಗೆ ಬಂದು ರೊಟ್ಟಿ ತಿನ್ನುವುದು. ಒಂದು ದಿನ ಅಪ್ಪನಿಗಿಂತ ಮುಂಚೆ ಅವಳೇ ಬಸ್ಸಿಗೆ ಎರಡು ತಟ್ಟು ತಟ್ಟಿ "ರೈಟ್" ಅಂದಳು. ಅದೇ ಅವಳ ಮೊದಲ ಮಾತು. ಅಮ್ಮ ಅಲ್ಲ, ಅಪ್ಪ ಅಲ್ಲ, ರೈಟ್. ಡ್ರೈವರು ಅದನ್ನು ಕೇಳಿಯೇ ಬಸ್ಸು ಬಿಟ್ಟ. ಮಾತು ಬಂತಲ್ಲ, ಯಾವುದಾದರೇನು! ಅವತ್ತು ಓಣಿಗೆಲ್ಲ ಸಕ್ಕರೆ ಹಂಚಿದೆ.

ಹಾಗಿರುವಾಗ ನಮ್ಮವರಿಗೆ ಮಡಕಶಿರಾ ಡಿಪೋಗೆ ವರ್ಗವಾಯಿತು.

ಸುಮ್ಮನೆ ಮೂಟೆ ಕಟ್ಟಿಕೊಂಡು ಬಂದವಳಲ್ಲ ನಾನು. ಅವಳ ತಟ್ಟೆ, ಅವಳ ಚಾಪೆ, ನನ್ನ ಮಷಿನ್, ಕೊನೆಗೆ ಅವಳು ಕೈಯಾಡಿಸುತ್ತಿದ್ದ ಹಳೇ ಬಾಗಿಲ ಪರದೆ, ಎಲ್ಲ ತಂದೆ. ಅತ್ತೆಯ ಮನೆಯಲ್ಲಿ ಎಲ್ಲವನ್ನೂ ರಾಯದುರ್ಗದಲ್ಲಿ ಇದ್ದ ದಿಕ್ಕಿಗೇ ಇಟ್ಟೆ. ಆದರೆ ಮಾತುಗಳನ್ನು ಗಂಟು ಕಟ್ಟಿ ತರುವುದು ಹೇಗೆ? ಅತ್ತೆ ಲೋಟ ಹಿಡಿದು "ಲಾವು, ಆಲು ಕುಡಿ ಬಾರವ್ವ" ಎಂದು ಕರೆದೇ ಕರೆದರು. ಅವಳು ತಿರುಗಿಯೂ ನೋಡಲಿಲ್ಲ. ನಾನು "ಹಾಲು" ಅಂದೆ, ಬಂದು ಕುಡಿದಳು.

"ಅದ್ನೇ ಅಲ್ವೇನಮ್ಮಿ ನಾನೂ ಅಂದಿದ್ದು?" ಅಂದರು ಅತ್ತೆ.

"ನೀವು ಆಲು ಅಂದ್ರಿ. ಆಕಿಗೆ ಹಾಲು ಗೊತ್ತ್ರಿ."

"ಅಯ್ಯೋ ನಿಮ್ಮ ರಾಯದುರ್ಗದೋರೋ! ಮಾತಿಗೊಂದು ಅ ಅ ಅಂತ ಗಾಳಿ ಬಿಡ್ತೀರ. ನಮಗೆ ಅಷ್ಟೊಂದು ಉಸ್ರು ಎಲ್ಲೈತೆ?"

ನಮ್ಮ ಅತ್ತೆ ಗಟ್ಟಿ ಹೆಂಗಸು. ಸೊಂಟದಲ್ಲಿ ಎಲೆಅಡಿಕೆ ಚೀಲ, ಬಾಯಲ್ಲಿ ಯಾವಾಗಲೂ ಒಂದು ಮಾತು. ಆಟಿಸಂ ಎಂಬ ಪದ ಅವರಿಗೆ ಬರುವುದಿಲ್ಲ, "ನಮ್ಮ ಮಗೀನ ಲೆಕ್ಕವೇ ಬ್ಯಾರೆ" ಅನ್ನುತ್ತಾರೆ. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ತೊಂದರೆ ಶುರುವಾದದ್ದು ಗೇಟಿನಲ್ಲಿ. ಇಲ್ಲಿ ಮನೆಗೂ ಬಸ್ ಸ್ಟ್ಯಾಂಡಿಗೂ ದೂರ, ನಮ್ಮವರು ಗೇಟಿನಿಂದಲೇ ಹೊರಡುತ್ತಿದ್ದರು. "ಲಾವು, ಬತ್ತೀನಿ ಕಣವ್ವ" ಎಂದು ಕೆನ್ನೆ ತಟ್ಟಿ ಹೋಗುತ್ತಿದ್ದರು. ಲಾವು ಗೇಟಿನ ಸರಳು ಹಿಡಿದು ನಿಂತರೆ ನಿಂತೇ ಬಿಡುತ್ತಿದ್ದಳು. ಊಟಕ್ಕೆ ಬರುತ್ತಿರಲಿಲ್ಲ, ನೀರು ಕುಡಿಯುತ್ತಿರಲಿಲ್ಲ. ಎಳೆದರೆ ಹಣೆಯನ್ನು ಸರಳಿಗೆ ಚಚ್ಚಿಕೊಳ್ಳುತ್ತಿದ್ದಳು, ರಕ್ತ ಬರುವ ತನಕ. ಕೌದಿ ಕಟ್ಟಿದ್ದು ಆಗ. ಅಪ್ಪ ಸಂಜೆ ಬಂದರೆ ಸಂಜೆ ಊಟ. ರಾತ್ರಿ ಬೇರೆ ಊರಲ್ಲಿ ತಂಗುವ ಡ್ಯೂಟಿ ಬಿದ್ದರೆ ಅಲ್ಲೇ ಕುಸಿದು ನಿದ್ದೆ ಹೋದ ಮೇಲೆ ನಾನು ಎತ್ತಿ ತರುತ್ತಿದ್ದೆ. ನೋಡನೋಡುತ್ತಾ ಮಗು ಕಡ್ಡಿಯಾಯಿತು. ಕಷ್ಟಪಟ್ಟು ಬಂದಿದ್ದ ಆ ಒಂದು ಮಾತೂ ಹೋಯಿತು, "ರೈಟ್" ಅನ್ನುವುದನ್ನು ನಿಲ್ಲಿಸಿಬಿಟ್ಟಳು. ನನಗೆ ಭಯವಾಗಿತ್ತು. ಹೀಗೇ ಆದರೆ ಮಗು ಉಳಿಯುತ್ತದೋ ಇಲ್ಲವೋ ಅನ್ನುವ ಭಯ.

ರಾಯದುರ್ಗದಂತೆ ಬಸ್ ಸ್ಟ್ಯಾಂಡಿಗೇ ಕರೆದುಕೊಂಡು ಹೋದರೆ ಸರಿಹೋದೀತು ಎಂದು ಒಂದು ದಿನ ಆಟೋ ಮಾಡಿಕೊಂಡು ಹೊರಟೆವು. ಅಪ್ಪ ಹಿಂಬಾಗಿಲಲ್ಲಿ ನಿಂತರು. ಲಾವು ಮುಖ ಅರಳಿತು. ಕೈಯೆತ್ತಿ ಬಸ್ಸಿಗೆ ಎರಡು ತಟ್ಟಿದಳು, ತುಟಿ ಅಲುಗಿತು. ಆದರೆ ಇಲ್ಲಿ ಬಸ್ಸುಗಳು ಗೋಡೆಗೆ ಮುಖ ಮಾಡಿ ನಿಲ್ಲುತ್ತವೆ, ಹೊರಡಬೇಕಾದರೆ ಮೊದಲು ರಿವರ್ಸ್ ತೆಗೆಯಬೇಕು. ರೈಟ್ ಅಂದರೆ ಬಸ್ಸು ಮುಂದೆ ಹೋಗಬೇಕು. ಇದು ಹಿಂದೆ ಬಂತು. ಲಾವು ಚೀರಿದ ಚೀರಾಟಕ್ಕೆ ಟೀ ಅಂಗಡಿಯವರೆಲ್ಲ ಓಡಿ ಬಂದರು. ಬಸ್ಸಿನ ಪಕ್ಕ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದಳು. ಒಬ್ಬ ಹೆಂಗಸು ನನ್ನ ಬೆನ್ನಿಗೇ ಬಂದು ನಿಂತು, "ಗಾಳಿ ಸೋಕೈತೆ ಕಣಮ್ಮ, ತಾಯ್ತ ಕಟ್ಸು" ಅಂದಳು.

"ಕಟ್ಟಸೋಣ್ರಿ ಅಕ್ಕಾ. ಮೊದಲ ಈಕಿ ಕಾಲು ಹಿಡೀರಿ, ಗಾಲಿ ಹತ್ರ ಐತಿ" ಎಂದೆ ನಾನು, ಸಿಟ್ಟಿನಿಂದಲೇ.

ಆಕೆ ತಲೆಯ ಮೇಲಿನ ಬುಟ್ಟಿ ಇಳಿಸಿ ಕಾಲು ಹಿಡಿದಳು. ಇಬ್ಬರೂ ಸೇರಿ ನೆರಳಿಗೆ ತಂದೆವು. ತನ್ನ ಸೆರಗಿನಿಂದ ಲಾವು ಮುಖದ ಧೂಳು ಒರೆಸಿ, ಬಾಟಲಿ ನೀರು ಕೊಟ್ಟು, ತನ್ನ ಬಸ್ಸನ್ನೇ ಬಿಟ್ಟು ನಮ್ಮ ಜೊತೆ ಕೂತಳು. ಹೋಗುವಾಗ ಮತ್ತೆ ತಾಯಿತದ ಮಾತೆತ್ತಿದಳು ಅನ್ನಿ! ಜನ ಹೀಗೇ. ಬಾಯಿಗೆ ಬಂದದ್ದು ಅನ್ನುತ್ತಾರೆ, ಕರೆದರೆ ಕೈಯನ್ನೂ ಕೊಡುತ್ತಾರೆ. ನಾನು ಮಾತು ಬಿಟ್ಟು ಕೈ ತೆಗೆದುಕೊಳ್ಳುವುದನ್ನು ಅವತ್ತು ಕಲಿತೆ.

ಗುಟ್ಟು ರಟ್ಟಾದದ್ದು ಮೊಸರಿನಿಂದ. ಪಕ್ಕದ ಮನೆ ರತ್ನಮ್ಮ ಒಂದು ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ನಮ್ಮವರಿಗೆ ಅವತ್ತು ರಜೆ, ಒಳಗೆ ಮಲಗಿದ್ದರು. ಲಾವು ಆರಾಮಾಗಿ ಪರದೆ ಹಿಡಿದು ಆಡುತ್ತಿದ್ದಳು. ರತ್ನಮ್ಮ ಬಟ್ಟಲು ತೆಗೆದುಕೊಂಡು "ಬತ್ತೀನಕ್ಕಾ" ಎಂದು ಹೋದಳು. ಲಾವು ಪರದೆ ಬಿಟ್ಟು ನಡೆದು ಹೋಗಿ ಗೇಟು ಹಿಡಿದು ನಿಂತಳು.

ಮಷಿನ್ನಿನ ಮೇಲಿದ್ದ ನನ್ನ ಕಾಲು ನಿಂತಿತು. ಅಪ್ಪ ಮನೆಯಲ್ಲೇ ಇದ್ದಾರೆ. ರತ್ನಮ್ಮನನ್ನು ಕಂಡರೆ ಇವಳಿಗೆ ಅಂಥ ಪ್ರೀತಿಯೇನೂ ಇಲ್ಲ. ಹಾಗಾದರೆ ಯಾಕೆ ನಿಂತಳು? ಕಾಂಪೌಂಡಿನ ಹತ್ತಿರ ಓಡಿ, "ರತ್ನಮ್ಮಾ, ಒಂದ್ ಸಲ ನಮ್ಮನ್ಯಾಗ ಬಂದ್ ಹೋಗ್ರಿ" ಎಂದು ಕೂಗಿದೆ. ಅವಳು ಬಟ್ಟಲು ಹಿಡಿದೇ ಬಂದಳು. ಗೇಟು ದಾಟಿ ಒಳಗೆ ಕಾಲಿಟ್ಟದ್ದೇ ತಡ, ಲಾವು ಸರಳು ಬಿಟ್ಟು ಪರದೆಯ ಹತ್ತಿರ ಹೋಗಿ ಕೂತಳು.

ಬತ್ತೀನಿ ಅಂದವರು ಬಂದರು. ಅವಳ ಕೆಲಸ ಮುಗಿಯಿತು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅಳುತ್ತಾ ನಕ್ಕೆ, ನಗುತ್ತಾ ಅತ್ತುಬಿಟ್ಟೆ. ರತ್ನಮ್ಮ ಗಾಬರಿಯಾಗಿ ಮೊಸರನ್ನು ವಾಪಸ್ ಕೊಡಲು ಬಂದಳು. ನಮ್ಮ ಕಡೆ ಹೊಸ್ತಿಲು ದಾಟುವವರು ಯಾರೂ "ಹೋಗ್ತೀನಿ" ಅನ್ನುವುದಿಲ್ಲ. ಅಪಶಕುನ. ಹೋಗುವವರೆಲ್ಲ "ಬರ್ತೀನಿ" ಎಂದೇ ಹೋಗುತ್ತೇವೆ. ನಮಗೆ ಅದು ಸುಳ್ಳು ಅಂತ ಅನ್ನಿಸುವುದೇ ಇಲ್ಲ. ಅಪ್ಪನ ಬಾಯಲ್ಲಿ ಕೇಳಿ ಕೇಳಿ ಬತ್ತೀನಿ ಅವಳಿಗೆ ಗೊತ್ತಿದ್ದ ಮಾತು. ಬರ್ತೀನಿ ಅಂದ ಮೇಲೆ ಈಗಲೇ ಬರುತ್ತಾರೆ ಎಂದು ನಂಬಿ ನನ್ನ ಮಗಳು ಅನ್ನನೀರು ಬಿಟ್ಟು ಕಾಯುತ್ತಿದ್ದಳು. ರಾಯದುರ್ಗದಲ್ಲಿ ಬಸ್ಸು ಮರೆಯಾಗುವುದು ಕಣ್ಣಿಗೆ ಕಾಣುತ್ತಿತ್ತು, ಮಾತಿನ ಹಂಗು ಇರಲಿಲ್ಲ. ಹೇಳಿದ್ದು ಹೇಳಿದಂಗ ನಡೀಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಇಲ್ಲಿ ನಾವು ದಿನಾ ಒಂದು ಹೇಳಿ ಇನ್ನೊಂದು ಮಾಡುತ್ತಿದ್ದೆವು.

ಸಂಜೆ ಊಟಕ್ಕೆ ಕೂತಾಗ ಹೇಳಿದೆ, ನಾಳೆಯಿಂದ ಈ ಮನೆಯಲ್ಲಿ ಹೊರಡುವವರು ಹೋಗ್ತೀನಿ ಅನ್ನಬೇಕು. ಅತ್ತೆಯ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು.

"ಬಿಡ್ತು ಅನ್ನಮ್ಮಿ! ಒಸ್ಲು ದಾಟೋ ಗಂಡನ ಬಾಯಲ್ಲಿ ಆ ಮಾತಾ? ನಮ್ಮ ವಂಶದಾಗೆ ಒಬ್ರೂ ಅಂದಿಲ್ಲ. ಓಗೋದು ಎಣ ಕಣಮ್ಮಿ. ಬದುಕಿರೋರು ಬತ್ತಾರೆ."

"ಅತ್ತೀ, ನಿಮ್ಮ ಮಗಗ ಏನೂ ಆಗೂದಿಲ್ರಿ. ಮಮ್ಮಗಳು ಹೊಟ್ಟಿಗಿಲ್ದ ಗೇಟಿನ್ಯಾಗ ಒಣಗಾಕತ್ತಾಳ್ರಿ. ಅದು ಅಪಶಕುನ ಅಲ್ಲೇನ್ರಿ?"

ಅತ್ತೆ ಎದ್ದು ಕೈ ತೊಳೆದರು. ನಮ್ಮವರು ಬಸ್ಸು ತುಂಬಾ ಜನರನ್ನು ಸಂಭಾಳಿಸುತ್ತಾರೆ, ಮನೆಯಲ್ಲಿ ಇಬ್ಬರು ಹೆಂಗಸರ ನಡುವೆ ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ ಮರುದಿನ ಗೇಟಿನಲ್ಲಿ ನನ್ನ ಮುಖ ನೋಡಿದರು, ಮಗಳ ಹಣೆ ನೋಡಿದರು, ನಾನು ಕಲಿಸಿದ ಹಾಗೇ "ಲಾವು, ಅಪ್ಪ ಹೋಗ್ತೀನಿ" ಅಂದರು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಸೆರಗು ಬೀಳುವಂತೆ ಓಡಿ ಬಂದು, "ಓಗಿ ಬಾರಪ್ಪಾ! ಬಾರಪ್ಪಾ!" ಎಂದು ಕೂಗಿಬಿಟ್ಟರು. ಲಾವು ಕಿವಿಗೆ "ಬಾ" ಬಿತ್ತು. ಅವತ್ತೂ ಕೌದಿಗೆ ಹಣೆ.

ನಾನು ಅತ್ತೆಗೆ ಕೈ ಮುಗಿದೆ. "ನೀವು ಅನ್ನೂದನ್ನ ಅನ್ರಿ ಅತ್ತೀ, ಬ್ಯಾಡ ಅನ್ನೂದಿಲ್ಲ. ದೇವರ ಮನ್ಯಾಗ ಅನ್ರಿ. ದೇವರಿಗೆ ಕೇಳಿದ್ರ ಸಾಕಲ್ರಿ." ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಆಮೇಲೆ ದಿನಾ ಇದೇ ವರಸೆ. ಮಗ ಗೇಟಿನಲ್ಲಿ "ಹೋಗ್ತೀನಿ" ಅನ್ನುವುದು, ತಾಯಿ ಕಿವಿ ಮುಚ್ಚಿಕೊಂಡು ದೇವರ ಮನೆಗೆ ಓಡಿ "ಬಾರಪ್ಪ, ಬಾರಪ್ಪ" ಎಂದು ಪಿಸುಗುಡುವುದು.

ಜೊತೆಗೆ ಬಾಗಿಲ ಪಕ್ಕ ಮೊಳೆಗಳನ್ನು ಹೊಡೆದೆ. ಅಪ್ಪ ಮನೆಯಲ್ಲಿದ್ದರೆ ಅವರ ಖಾಕಿ ಅಂಗಿ ಮೊಳೆಯಲ್ಲಿ. ಹೋದರೆ ಮೊಳೆ ಖಾಲಿ. ಬಂದ ಮೇಲೆ ಮತ್ತೆ ಅಂಗಿ. ನನ್ನ ಬ್ಯಾಗಿಗೊಂದು ಮೊಳೆ, ಅಜ್ಜಿಯ ಎಲೆಅಡಿಕೆ ಚೀಲಕ್ಕೊಂದು ಮೊಳೆ. ಸೊಂಟದ ಚೀಲ ಗೋಡೆಗೇರಿದ್ದಕ್ಕೆ ಅತ್ತೆ ಅದೆಷ್ಟು ಗೊಣಗಿದರೋ!

ಒಂದೇ ದಿನಕ್ಕೆ ಸರಿಹೋಯಿತು ಅಂದರೆ ನಂಬಬೇಡಿ. ಮೊದಲು ಇನ್ನೂ ಕೆಟ್ಟಿತು. ಹೊಸ ಮಾತು, ಹೊಸ ಮೊಳೆ, ಎಲ್ಲವೂ ಅವಳಿಗೆ ಮತ್ತೊಂದು ಪೆಟ್ಟು. ನಾನು ಮಷಿನ್ ಬಿಟ್ಟು ಗೇಟಿನ ಹತ್ತಿರ ಅವಳ ಜೊತೆ ನೆಲದ ಮೇಲೆ ಕೂತೆ. ಬಿಸಿಲಾದರೆ ಕೊಡೆ, ಮಳೆಯಾದರೆ ಗೋಣಿಚೀಲ. "ಅಪ್ಪ ಹೋದರು. ಮೊಳೆ ಖಾಲಿ. ಈಗ ಊಟ" ಎಂದು ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದೆ. ಎಷ್ಟೋ ಸಲ ಸಿಟ್ಟು ಬಂದು ಹಲ್ಲು ಕಚ್ಚಿದೆ. ಬಿಡಲಿಲ್ಲ. ಅವಳು ಹಟಮಾರಿಯಾದರೆ ನಾನು ಅವಳ ತಾಯಿ ತಾನೆ?

ಒಂದು ಬೆಳಿಗ್ಗೆ ಅಪ್ಪ ಹೋಗ್ತೀನಿ ಅಂದರು. ಲಾವು ಸರಳು ಹಿಡಿದಳು. ತಿರುಗಿ ಮೊಳೆ ನೋಡಿದಳು. ಸರಳು ಬಿಟ್ಟು ಬಂದು ತಟ್ಟೆಯ ಮುಂದೆ ಕೂತಳು. ಅರ್ಧ ದೋಸೆ ತಿಂದಳು. ಆ ದೋಸೆಯ ಉಳಿದ ಅರ್ಧವನ್ನು ನಾನು ಅವಳ ಪಕ್ಕ ಕೂತು ತಿಂದೆ.

ಅವಳು ಕಲಿತದ್ದು ಎಷ್ಟು ಗಟ್ಟಿ ಅಂತ ನಮ್ಮವರಿಗೇ ಆಮೇಲೆ ತಿಳಿಯಿತು. ಹೋಗ್ತೀನಿ ಎಂದು ಹೋದವರು ಟಿಕೆಟ್ ಮಷಿನ್ ಮರೆತು ಬೀದಿ ತಿರುವಿನಿಂದ ವಾಪಸ್ ಬಂದರು. ಲಾವು ಗೇಟಿಗೆ ಅಡ್ಡ ನಿಂತು ಎರಡೂ ಕೈಯಿಂದ ಅಪ್ಪನನ್ನು ಹೊರಕ್ಕೆ ನೂಕಿದಳು. ಹೋಗ್ತೀನಿ ಅಂದವರು ಹೋಗಬೇಕು! ನಾನು ಕಾಂಪೌಂಡಿನ ಮೇಲಿಂದ ಟಿಕೆಟ್ ಮಷಿನ್ ಕೊಟ್ಟೆ. ಅತ್ತೆ ದೇವರ ಮನೆಯಲ್ಲೇ ಬಿದ್ದು ಬಿದ್ದು ನಗುತ್ತಿದ್ದರು.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ, ಅದು ಯಾಕೆ ಚೀರುತ್ತದೆ ಎಂದು ಕೇಳುವ ಮೊದಲು, ನೀವು ಅದಕ್ಕೆ ಏನು ಹೇಳಿದಿರಿ ಅಂತ ನೆನಪು ಮಾಡಿಕೊಳ್ಳಿ. "ಒಂದೇ ನಿಮಿಷ ಬಂದೆ" ಅಂದಿರಬಹುದು. "ನಾಳೆ ಹೋಗೋಣ" ಅಂದಿರಬಹುದು. ನಾವು ಆಡಿ ಮರೆಯುತ್ತೇವೆ, ಅವರು ಮರೆಯುವುದಿಲ್ಲ.

ಇದೆಲ್ಲ ಒಂದು ದಡ ಸೇರಿತು ಅನ್ನುವಷ್ಟರಲ್ಲಿ ಅತ್ತೆಯ ಕಣ್ಣಿಗೆ ಪೊರೆ ಬಂತು. ಹಿಂದೂಪುರದಲ್ಲಿ ಆಪರೇಷನ್, ಆಮೇಲೆ ಅಗಳಿಯಲ್ಲಿರುವ ಮಗಳ ಮನೆಯಲ್ಲಿ ಕೆಲವು ದಿನ ಇರಬೇಕು. ಈಚೀಚೆಗೆ ಲಾವುಗೆ ಮಧ್ಯಾಹ್ನದ ಊಟ ಅಜ್ಜಿಯ ಪಕ್ಕದಲ್ಲೇ ಆಗಬೇಕಿತ್ತು. ಅತ್ತೆ ನನ್ನ ಮಾತಿಗೆ ತಲೆಬಾಗಿ ಉಳಿದವರು ಹೋಗ್ತೀನಿ ಅನ್ನುವುದನ್ನು ಸಹಿಸಿಕೊಂಡಿದ್ದರೇ ಹೊರತು ತಾವಾಗಿ ಒಮ್ಮೆಯೂ ಆ ಮಾತು ಆಡಿರಲಿಲ್ಲ. ಅಂಗಡಿಗೆ ಹೋಗುವಾಗಲೂ ಹಿತ್ತಲ ಬಾಗಿಲಿಂದ, ಸದ್ದಿಲ್ಲದೆ. ಈಗಂತೂ ಕಣ್ಣಿಗೆ ಕತ್ತಿ ತಾಗಿಸಿಕೊಳ್ಳಲು ಹೊರಟವರು. ಹಿಂದಿನ ರಾತ್ರಿಯೆಲ್ಲ ಹೆದರಿ ನಿದ್ದೆಯಿಲ್ಲದೆ ಕೂತಿದ್ದರು. ಅವರನ್ನು ಏನಂತ ಕೇಳಲಿ? ನಾನು ಕೇಳಲಿಲ್ಲ. ಇವತ್ತು ಗೇಟಿನ ಹತ್ತಿರ ಕೂರುವುದೇ ಎಂದು ಕೊಡೆ ತೆಗೆದಿಟ್ಟುಕೊಂಡೆ.

ಆಟೋ ಬಂತು. ಜೊತೆಗೆ ಹೊರಟಿದ್ದ ನಮ್ಮವರು ತಮ್ಮ ಹೋಗ್ತೀನಿ ಹೇಳಿ, ಬ್ಯಾಗಿಟ್ಟು ಹತ್ತಿ ಕೂತರು. ಅತ್ತೆ ಮೊಳೆಯಿಂದ ಎಲೆಅಡಿಕೆ ಚೀಲ ತೆಗೆದು, ಖಾಲಿ ಮೊಳೆಯನ್ನು ಲಾವುಗೆ ಬೆರಳು ಮಾಡಿ ತೋರಿಸಿದರು. ಮುಂಬಾಗಿಲಿಂದಲೇ ಬಂದು ಗೇಟು ದಾಟಿ ನಿಂತರು. ಒಂದು ಸಲ ಆಕಾಶ ನೋಡಿದರು.

"ಲಾವವ್ವ, ಅಜ್ಜಿ ಹೋಗ್ತೀನಿ" ಅಂದರು.

ಓಗ್ತೀನಿ ಅನ್ನಲಿಲ್ಲ. ಮೊಮ್ಮಗಳಿಗೆ ತಿಳಿಯಲೆಂದು, ಹುಟ್ಟಿದಾಗಿನಿಂದ ನಾಲಿಗೆಗೆ ಬಾರದಿದ್ದ ಆ "ಹ"ವನ್ನು ಎದೆಯಿಂದ ಉಸಿರು ತೆಗೆದು ಹೇಳಿದರು. ಆಟೋದವನು ತಿರುಗಿ ನೋಡಿದ. ಅತ್ತೆ ಆಟೋ ಹತ್ತಿ ಕೂತರು. ಅವರ ಪರವಾಗಿ ದೇವರ ಮನೆಯಲ್ಲಿ ಪಿಸುಗುಡಲು ಯಾರೂ ಇರಲಿಲ್ಲ. ನಾನು ಮನಸ್ಸಿನಲ್ಲೇ ಅಂದೆ, ಬರ್ರಿ ಅತ್ತೀ, ಬರ್ರಿ.

ಲಾವು ಗೇಟಿನಿಂದ ಹೊರಗೆ ಬಂದಳು. ಆಟೋದ ಪಕ್ಕೆಗೆ ಎರಡು ಸಲ ತಟ್ಟಿದಳು.

"ರೈಟ್" ಅಂದಳು.

ಎಷ್ಟು ಕಾಲದ ಮೇಲೆ! ನಮ್ಮವರು ಬಾಯಿಗೆ ಕೈ ಅಡ್ಡ ಹಿಡಿದರು. ಅತ್ತೆ ನಗುತ್ತಾ ಅಳುತ್ತಾ ಕೂತಿರುವಾಗಲೇ ಆಟೋದವನು ಗಾಡಿ ಬಿಟ್ಟ, ರೈಟ್ ಅಂದ ಮೇಲೆ ಅವನಾದರೂ ಯಾಕೆ ನಿಂತಾನು? ಆಟೋ ಬೀದಿಯ ಕೊನೆಯಲ್ಲಿ ತಿರುಗಿ ಮರೆಯಾಯಿತು. ನಾನು ಸರಳು ಹಿಡಿದು ನೋಡುತ್ತಲೇ ಇದ್ದೆ. ಆಪರೇಷನ್ ಚೆನ್ನಾಗಿ ಆಗಲಿ, ಕಣ್ಣು ಬರಲಿ, ಅತ್ತೆಯೂ ಬರಲಿ ಎಂದು ಕಣ್ಣು ಮುಚ್ಚಿಕೊಂಡೆ.

ಒಳಗಿನಿಂದ ತಟ್ಟೆ ಬಡಿಯುವ ಸದ್ದು ಕೇಳಿಸಿತು. ಲಾವು ಊಟಕ್ಕೆ ಕೂತು ನನ್ನನ್ನು ಕರೆಯುತ್ತಿದ್ದಳು. ಗೇಟಿನಲ್ಲಿ ಕಾಯುತ್ತಾ ನಿಂತವಳು ನಾನೊಬ್ಬಳೇ.